ಸಿಸಿಲಿ ಸಾಂಡರ್ಸ್

ಕಾಯಿಲೆ ಬಿದ್ದವರನ್ನು ನಾವು ಆಸ್ಪತ್ರೆಗೆ ಕರೆದೊಯ್ಯುವುದು ಗುಣವಾಗಲೆಂದು. ವೈದ್ಯರು ಪರೀಕ್ಷಿಸುತ್ತಾರೆ, ಔಷಧ ಕೊಡುತ್ತಾರೆ, ಅಗತ್ಯವಾದರೆ ಶಸ್ತ್ರಚಿಕಿತ್ಸೆ ನಡೆಸುತ್ತಾರೆ. ರೋಗಿ ಚೇತರಿಸಿಕೊಂಡು ಮನೆಗೆ ಮರಳುತ್ತಾನೆ. ಆದರೆ ಎಲ್ಲ ರೋಗಿಗಳ ಕಥೆಯೂ ಹೀಗೆ ಸುಖವಾಗಿ ಮುಗಿಯುವುದಿಲ್ಲ. ವೈದ್ಯಶಾಸ್ತ್ರವು ತನ್ನ ಕೈಲಾದುದನ್ನೆಲ್ಲ ಮಾಡಿದ ಮೇಲೂ ರೋಗ ಬಲಿಯುತ್ತಲೇ ಹೋಗುವುದುಂಟು. ಆಗ, ಇನ್ನು ಮಾಡುವಂಥದು ಏನೂ ಉಳಿದಿಲ್ಲವೆಂಬ ಮಾತು ಮನೆಯವರ ಕಿವಿಗೆ ಬೀಳುತ್ತದೆ. ಆ ಮಾತನ್ನಾಡಿದ ವೈದ್ಯರ ಕೆಲಸ ಅಲ್ಲಿಗೆ ಮುಗಿಯಿತು; ರೋಗಿಯ ಪಾಡು ಮುಗಿಯಲಿಲ್ಲ. ಅವನ ಪಾಲಿಗೆ ಇನ್ನೂ ಕೆಲವು ವಾರಗಳೋ ತಿಂಗಳುಗಳೋ ಉಳಿದಿರುತ್ತವೆ. ಆ ಹಗಲಿರುಳುಗಳನ್ನು ಅವನು ಹೇಗೆ ಕಳೆಯಬೇಕು? ಅವನ ನೋವನ್ನು ಕೇಳುವವರು ಯಾರು?

ಇಪ್ಪತ್ತನೆಯ ಶತಮಾನದ ನಡುಗಾಲದವರೆಗೂ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ಈ ಪ್ರಶ್ನೆಗೆ ಸರಿಯಾದ ಉತ್ತರವಿರಲಿಲ್ಲ. ಗುಣವಾಗದ ರೋಗಿಯ ಬಳಿ ನಿಂತು, ಅವನ ನೋವನ್ನು ಶಾಸ್ತ್ರೀಯವಾಗಿ ಅಭ್ಯಾಸಮಾಡಿ, ಅದನ್ನು ಹತೋಟಿಗೆ ತರಬಹುದೆಂದು ಲೋಕಕ್ಕೆ ತೋರಿಸಿಕೊಟ್ಟವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. ದಾದಿಯಾಗಿ, ಆಸ್ಪತ್ರೆಯ ಸಮಾಜಸೇವಕಿಯಾಗಿ, ಕೊನೆಗೆ ವೈದ್ಯೆಯಾಗಿ ಮೂರು ವೃತ್ತಿಗಳ ಮೂಲಕ ಆಕೆ ಒಂದೇ ಗುರಿಯನ್ನು ಅರಸಿಕೊಂಡು ಹೋದರು.

ಸಿಸಿಲಿ ಹುಟ್ಟಿದ್ದು 1918ನೆಯ ಇಸವಿ ಜೂನ್ 22ರಂದು, ಲಂಡನ್ನಿನ ಉತ್ತರಕ್ಕಿರುವ ಬಾರ್ನೆಟ್ ಎಂಬಲ್ಲಿ. ತಂದೆ ಗಾರ್ಡನ್ ಸಾಂಡರ್ಸ್ ಮನೆ ಜಮೀನುಗಳ ವ್ಯವಹಾರ ನಡೆಸುತ್ತಿದ್ದ ಅನುಕೂಲಸ್ಥರು. ಸಿಸಿಲಿ ಹಿರಿಯ ಮಗಳು. ಆಕೆಯ ಬೆನ್ನಿಗೆ ಇಬ್ಬರು ತಮ್ಮಂದಿರು. ಮನೆಯಲ್ಲಿ ಹಣಕ್ಕೆ ಕೊರತೆಯಿರಲಿಲ್ಲವಾದರೂ ನೆಮ್ಮದಿಗೆ ಕೊರತೆಯಿತ್ತು. ತಂದೆತಾಯಿಗಳ ನಡುವೆ ಹೊಂದಾಣಿಕೆಯಿರಲಿಲ್ಲ. ಮುಂದೆ ಅವರು ಬೇರೆ ಬೇರೆಯಾಗಿಯೇ ಬಾಳಿದರು. ಹದಿನಾಲ್ಕನೆಯ ವಯಸ್ಸಿನಲ್ಲಿ ಸಿಸಿಲಿಯನ್ನು ದಕ್ಷಿಣ ಕಡಲತೀರದ ರೋಡೀನ್ ಎಂಬ ಪ್ರಸಿದ್ಧ ವಸತಿಶಾಲೆಗೆ ಸೇರಿಸಿದರು. ಹುಡುಗಿ ಓರಗೆಯವರಿಗಿಂತ ಬಹಳ ಎತ್ತರ, ಸ್ವಭಾವದಲ್ಲಿ ಸಂಕೋಚ. ಹೀಗಾಗಿ ಗೆಳತಿಯರ ಗುಂಪಿಗೆ ಹೊರಗಿನವಳಾಗಿಯೇ ಉಳಿದಳು. ಎಲ್ಲರ ನಡುವೆ ಇದ್ದೂ ಒಂಟಿಯಾಗಿರುವುದು ಎಂದರೇನೆಂಬುದನ್ನು ಆಕೆ ಆ ಎಳೆಯ ವಯಸ್ಸಿನಲ್ಲೇ ಅರಿತುಕೊಂಡಳು. ಈ ಅನುಭವವು ಮುಂದಿನ ಕಾಲದಲ್ಲಿ ಆಕೆಗೆ ವ್ಯರ್ಥವಾಗಲಿಲ್ಲ.

1938ರಲ್ಲಿ ಸಿಸಿಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವನ್ನು ಸೇರಿ ರಾಜ್ಯಶಾಸ್ತ್ರ, ತತ್ತ್ವಶಾಸ್ತ್ರ ಮತ್ತು ಅರ್ಥಶಾಸ್ತ್ರಗಳನ್ನು ಅಭ್ಯಾಸಮಾಡತೊಡಗಿದರು. ಮರುವರ್ಷವೇ ಎರಡನೆಯ ಮಹಾಯುದ್ಧ ಆರಂಭವಾಯಿತು. ದೇಶವೆಲ್ಲ ಯುದ್ಧದ ಬೇಗೆಯಲ್ಲಿ ಬೇಯುತ್ತಿರುವಾಗ ಗ್ರಂಥಾಲಯದಲ್ಲಿ ಕುಳಿತು ಓದುವುದು ಆಕೆಯ ಮನಸ್ಸಿಗೆ ಒಗ್ಗಲಿಲ್ಲ. ಓದನ್ನು ಅರ್ಧಕ್ಕೆ ಬಿಟ್ಟು, 1940ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ದಾದಿಯರ ತರಬೇತಿ ಶಾಲೆಗೆ ಸೇರಿದರು. ಇದು ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಸ್ಥಾಪಿಸಿದ ಶಾಲೆ. ಲಂಡನ್ನಿನ ಮೇಲೆ ಬಾಂಬುಗಳು ಬೀಳುತ್ತಿದ್ದ ದಿನಗಳವು. ದಾದಿಯ ಕೆಲಸ ಸಿಸಿಲಿಯವರಿಗೆ ಹೇಳಿ ಮಾಡಿಸಿದಂತಿತ್ತು. ರೋಗಿಯ ಹಾಸಿಗೆಯ ಪಕ್ಕದಲ್ಲಿ ಆಕೆಯ ಸಂಕೋಚವೆಲ್ಲ ಎಲ್ಲಿಯೋ ಮಾಯವಾಗುತ್ತಿತ್ತು. ಆದರೆ ಮೈ ಸಹಕರಿಸಲಿಲ್ಲ. ಚಿಕ್ಕಂದಿನಿಂದಲೂ ಆಕೆಯ ಬೆನ್ನುಮೂಳೆ ಸ್ವಲ್ಪ ಸೊಟ್ಟಗಿತ್ತು. ರೋಗಿಗಳನ್ನು ಎತ್ತಿ ಇಳಿಸುವ ಶ್ರಮದಿಂದ ಬೆನ್ನುನೋವು ಹೆಚ್ಚಿತು. 1944ರಲ್ಲಿ ತರಬೇತಿ ಮುಗಿಯುವ ಹೊತ್ತಿಗೆ, ಈ ವೃತ್ತಿಯನ್ನು ಬಿಡಲೇಬೇಕೆಂದು ವೈದ್ಯರು ಸೂಚಿಸಿದರು.

ಬೇರೆ ಯಾರಾದರೂ ಆಗಿದ್ದರೆ ಆಸ್ಪತ್ರೆಯ ಸಹವಾಸವನ್ನೇ ತೊರೆಯುತ್ತಿದ್ದರು. ಸಿಸಿಲಿ ಆಕ್ಸ್‌ಫರ್ಡಿಗೆ ಹಿಂದಿರುಗಿ ಪದವಿಯನ್ನು ಪೂರೈಸಿ, ಆಸ್ಪತ್ರೆಯ ಸಮಾಜಸೇವಕಿಯಾಗಲು ಬೇಕಾದ ಶಿಕ್ಷಣವನ್ನು ಪಡೆದರು. ರೋಗಿಯ ಮನೆಯ ಸ್ಥಿತಿಗತಿಗಳೇನು, ಆತ ಆಸ್ಪತ್ರೆಯಲ್ಲಿರುವಾಗ ಹೆಂಡತಿಮಕ್ಕಳ ಗತಿಯೇನು, ಮನೆಗೆ ಮರಳಿದ ಮೇಲೆ ನೋಡಿಕೊಳ್ಳುವವರಾರು ಎಂಬುದನ್ನೆಲ್ಲ ವಿಚಾರಿಸಿ ತಕ್ಕ ಏರ್ಪಾಡು ಮಾಡುವುದು ಈ ಹುದ್ದೆಯ ಕೆಲಸ. ದಾದಿಯಾಗಿದ್ದಾಗ ರೋಗಿಯ ದೇಹವನ್ನು ಕಂಡಿದ್ದ ಸಿಸಿಲಿ ಈಗ ಅವನ ಮನೆಯನ್ನು ಕಂಡರು.

1947ರಲ್ಲಿ, ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆ ನೋಡಿಕೊಳ್ಳಬೇಕಾಗಿದ್ದ ರೋಗಿಗಳಲ್ಲಿ ಡೇವಿಡ್ ಟಾಸ್ಮಾ ಎಂಬಾತನೊಬ್ಬನಿದ್ದನು. ಪೋಲೆಂಡಿನ ವಾರ್ಸಾ ನಗರದಿಂದ ಬಂದು ನೆಲೆಸಿದ ಯೆಹೂದಿ ನಿರಾಶ್ರಿತ, ವಯಸ್ಸು ನಲವತ್ತು, ಲಂಡನ್ನಿನ ಹೋಟೆಲೊಂದರಲ್ಲಿ ಮಾಣಿಯಾಗಿ ಹೊಟ್ಟೆ ಹೊರೆಯುತ್ತಿದ್ದನು. ಆತನಿಗೆ ಕ್ಯಾನ್ಸರ್ ಆಗಿತ್ತು, ಅದು ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ಹಂತವನ್ನು ದಾಟಿತ್ತು. ಆ ಮಹಾನಗರದಲ್ಲಿ ಆತನಿಗೆ ಬಂಧುಬಳಗವೆಂಬುದು ಇರಲಿಲ್ಲ. 1948ರ ಆದಿಭಾಗದಲ್ಲಿ ಆತನನ್ನು ಬೇರೊಂದು ಆಸ್ಪತ್ರೆಯ ಗಿಜಿಗುಟ್ಟುವ ವಾರ್ಡಿಗೆ ಸೇರಿಸಿದಾಗ ಸಿಸಿಲಿ ತಪ್ಪದೆ ಹೋಗಿ ನೋಡತೊಡಗಿದರು. ತನ್ನ ಕಾಯಿಲೆಯ ನಿಜವನ್ನು ಆತ ಕೇಳಿದಾಗ ಆಕೆ ಮುಚ್ಚಿಡಲಿಲ್ಲ. ಅಲ್ಲಿಂದ ಮುಂದೆ ಅವರಿಬ್ಬರ ನಡುವೆ ಮುಚ್ಚುಮರೆಯ ಮಾತಿಗೆ ಅವಕಾಶವೇ ಇರಲಿಲ್ಲ. ಹೆಂಡತಿಯಿಲ್ಲ, ಮಕ್ಕಳಿಲ್ಲ, ಮಾಡಿಟ್ಟ ಕೆಲಸವಿಲ್ಲ. ತಾನು ಬದುಕಿದ್ದುದಕ್ಕೆ ಭೂಮಿಯ ಮೇಲೆ ಒಂದು ಗುರುತೂ ಉಳಿಯುವುದಿಲ್ಲವಲ್ಲ ಎಂಬುದು ಆತನ ಕೊರಗು. ನೋವಿಗಿಂತಲೂ ಈ ಕೊರಗು ಆತನನ್ನು ಹೆಚ್ಚಾಗಿ ತಿನ್ನುತ್ತಿತ್ತು.

ಇಂಥವರು ನೆಮ್ಮದಿಯಾಗಿ ಕೊನೆಯ ದಿನಗಳನ್ನು ಕಳೆಯುವುದಕ್ಕೆ ತಕ್ಕ ಒಂದು ಮನೆ ಇದ್ದಿದ್ದರೆ ಹೇಗಿರುತ್ತಿತ್ತೆಂದು ಇಬ್ಬರೂ ಮಾತನಾಡಿಕೊಂಡರು. ನೋವನ್ನು ತಗ್ಗಿಸುವ ನುರಿತ ಕೈಗಳು ಅಲ್ಲಿರಬೇಕು. ತಾನು ಯಾರು, ಎಲ್ಲಿಂದ ಬಂದೆ ಎಂಬುದನ್ನು ರೋಗಿ ಹೇಳಿಕೊಳ್ಳುವಷ್ಟು ಬಿಡುವೂ ಅಲ್ಲಿರಬೇಕು. ಫೆಬ್ರವರಿ 25ರಂದು ಡೇವಿಡ್ ಟಾಸ್ಮಾ ತೀರಿಕೊಂಡನು. ತನ್ನಲ್ಲಿದ್ದ 500 ಪೌಂಡುಗಳನ್ನು ಆತ ಸಿಸಿಲಿಯವರಿಗೆ ಬಿಟ್ಟುಹೋಗಿದ್ದನು. ಆಕೆ ಮುಂದೆ ಕಟ್ಟಲಿರುವ ಮನೆಯಲ್ಲಿ ತಾನೊಂದು ಕಿಟಕಿಯಾಗಿರಬೇಕೆಂಬುದು ಆತನ ಬಯಕೆ. ಒಬ್ಬ ಹೋಟೆಲಿನ ಮಾಣಿಯ ಪಾಲಿಗೆ ಅದು ಸಣ್ಣ ಮೊತ್ತವಲ್ಲ. ಆಸ್ಪತ್ರೆಯೊಂದನ್ನು ಕಟ್ಟುವುದಕ್ಕಾದರೋ ಅದು ಏನೇನೂ ಸಾಲದು. ಆ ಕಿಟಕಿಯ ಸುತ್ತಲೂ ಮನೆ ಏಳುವುದಕ್ಕೆ ಹತ್ತೊಂಬತ್ತು ವರ್ಷಗಳು ಹಿಡಿದವು.

ಸಾಯುವವರ ಶುಶ್ರೂಷೆಯನ್ನು ಕಲಿಯಬೇಕೆಂದು ನಿಶ್ಚಯಿಸಿದ ಸಿಸಿಲಿ, ಹಗಲಿನ ಉದ್ಯೋಗ ಮುಗಿದ ಮೇಲೆ ಸೇಂಟ್ ಲ್ಯೂಕ್ಸ್ ಎಂಬ ಆಸ್ಪತ್ರೆಗೆ ಸಂಬಳವಿಲ್ಲದ ದಾದಿಯಾಗಿ ಹೋಗತೊಡಗಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಮರಣದ ಅಂಚಿನಲ್ಲಿರುವ ಬಡವರಿಗಾಗಿಯೇ ತೆರೆದ ಆಸ್ಪತ್ರೆ ಅದು. ಅಲ್ಲಿ ಆಕೆ ಕಂಡ ಒಂದು ಪದ್ಧತಿಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು, ಏಕೆಂದರೆ ಮುಂದಿನ ಸಂಗತಿಗಳೆಲ್ಲ ಅದರಿಂದಲೇ ಬೆಳೆದವು.

ಕ್ಯಾನ್ಸರಿನ ತೀವ್ರ ವೇದನೆಯನ್ನು ಶಮನಗೊಳಿಸುವ ಔಷಧಗಳಲ್ಲಿ ಮಾರ್ಫಿನ್ ಮುಖ್ಯವಾದುದು. ಗಸಗಸೆ ಗಿಡದ ಕಾಯಿಯಿಂದ ಸ್ರವಿಸುವ ಹಾಲು ಗಟ್ಟಿಯಾದರೆ ಅಫೀಮು. ಅಫೀಮಿನಿಂದ ತೆಗೆಯುವ ಸಾರವೇ ಮಾರ್ಫಿನ್. ಇದು ಚಟ ಹಿಡಿಸಬಲ್ಲ ವಸ್ತುವಾದುದರಿಂದ ವೈದ್ಯರಿಗೆ ಇದರ ಬಗ್ಗೆ ಬಹಳ ಭಯ. ದೊಡ್ಡ ಆಸ್ಪತ್ರೆಗಳಲ್ಲಿ, ರೋಗಿಯು ನೋವು ತಾಳಲಾರದೆ ಗೋಗರೆಯುವವರೆಗೂ ಇದನ್ನು ಕೊಡುತ್ತಿರಲಿಲ್ಲ. ಆಗ ಒಂದು ಚುಚ್ಚುಮದ್ದು ಕೊಟ್ಟರೆ ನೋವು ಅಡಗಿ ರೋಗಿ ಮಂಪರಿನಲ್ಲಿ ಬೀಳುತ್ತಿದ್ದನು. ಎಚ್ಚರವಾದೊಡನೆ ನೋವು ಮತ್ತೆ ತಲೆಯೆತ್ತುತ್ತಿತ್ತು. ಅವನು ಮತ್ತೆ ಬೇಡಬೇಕಾಗಿತ್ತು. ನೋವಿಲ್ಲದ ಗಳಿಗೆಯಲ್ಲೂ ಅದು ಈಗ ಬಂದೀತು, ಆಗ ಬಂದೀತು ಎಂಬ ಅಂಜಿಕೆಯಲ್ಲೇ ಹೊತ್ತು ಕಳೆಯುತ್ತಿತ್ತು. ಅಂಜಿಕೆಯಿಂದ ನೋವು ಹೆಚ್ಚುತ್ತಿತ್ತು. ನೋವಿನಿಂದ ಅಂಜಿಕೆ ಹೆಚ್ಚುತ್ತಿತ್ತು. ಸೇಂಟ್ ಲ್ಯೂಕ್ಸ್‌ನ ದಾದಿಯರು ಮಾತ್ರ ಹೀಗೆ ಮಾಡುತ್ತಿರಲಿಲ್ಲ. ನೋವು ಮರುಕಳಿಸುವ ಮೊದಲೇ, ಗಡಿಯಾರ ನೋಡಿಕೊಂಡು, ನಾಲ್ಕು ನಾಲ್ಕು ಗಂಟೆಗೊಮ್ಮೆ ಹದವಾದ ಪ್ರಮಾಣದಲ್ಲಿ ಔಷಧವನ್ನು ಕುಡಿಸುತ್ತಿದ್ದರು. ಸಸಿ ಬಾಡಿ ತಲೆಬಾಗಿಸಿದ ಮೇಲೆ ಕೊಡಗಟ್ಟಲೆ ನೀರು ಸುರಿಯುವುದಕ್ಕೂ ಬಾಡುವ ಮುನ್ನವೇ ಹೊತ್ತಿಗೆ ಸರಿಯಾಗಿ ಒಂದು ಚೊಂಬು ಎರೆಯುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇತ್ತು. ಅಲ್ಲಿಯ ರೋಗಿಗಳು ಎಚ್ಚರವಾಗಿದ್ದರು, ಮಾತನಾಡುತ್ತಿದ್ದರು, ಬಂದವರ ಗುರುತು ಹಿಡಿಯುತ್ತಿದ್ದರು. ದಾದಿಯರು ಅನುಭವದಿಂದ ಕಂಡುಕೊಂಡಿದ್ದ ಈ ಕ್ರಮವು ವೈದ್ಯರ ಗ್ರಂಥಗಳಲ್ಲಿ ಇನ್ನೂ ಸ್ಥಾನ ಪಡೆದಿರಲಿಲ್ಲ.

ಸಿಸಿಲಿ ಆಗ ನಾರ್ಮನ್ ಬ್ಯಾರೆಟ್ ಎಂಬ ಹೆಸರಾಂತ ಎದೆರೋಗ ಶಸ್ತ್ರವೈದ್ಯರ ಬಳಿ ಕೆಲಸ ಮಾಡುತ್ತಿದ್ದರು. ಪುನಃ ದಾದಿಯಾಗಿ ಮರಣಾಸನ್ನರ ಸೇವೆಗೆ ನಿಲ್ಲಬೇಕೆಂಬ ತಮ್ಮ ಆಸೆಯನ್ನು ಅವರಲ್ಲಿ ತೋಡಿಕೊಂಡರು. ದಾದಿಯ ಮಾತಿಗೆ ವೈದ್ಯರು ಕಿವಿಗೊಡುವುದಿಲ್ಲವೆಂದೂ, ಸಾಯುವವರ ಕೈಬಿಡುತ್ತಿರುವವರು ವೈದ್ಯರೇ ಆದುದರಿಂದ ಆಕೆ ವೈದ್ಯಶಾಸ್ತ್ರವನ್ನೇ ಓದಬೇಕೆಂದೂ ಬ್ಯಾರೆಟ್ ಸಲಹೆಯಿತ್ತರು. ತಮ್ಮ ವೃತ್ತಿಯ ದೋಷವನ್ನು ಇಷ್ಟು ನೇರವಾಗಿ ಒಪ್ಪಿಕೊಳ್ಳುವ ಹಿರಿಯರು ಅಪರೂಪ. 1951ರಲ್ಲಿ, 33ನೆಯ ವಯಸ್ಸಿನಲ್ಲಿ, ಸಿಸಿಲಿ ವೈದ್ಯಕೀಯ ವಿದ್ಯಾರ್ಥಿನಿಯಾದರು. ಆಕ್ಸ್‌ಫರ್ಡಿನಲ್ಲಿ ಓದಿದ್ದ ವಿಷಯಗಳಿಗೂ ಇದಕ್ಕೂ ಸಂಬಂಧವಿರಲಿಲ್ಲ. ತಮಗಿಂತ ಹದಿನೈದು ವರ್ಷ ಚಿಕ್ಕವರಾದ ಹುಡುಗರೊಂದಿಗೆ ಬೆಂಚಿನಲ್ಲಿ ಕುಳಿತು ರಸಾಯನಶಾಸ್ತ್ರ, ಅಂಗರಚನಾಶಾಸ್ತ್ರಗಳನ್ನು ಕಲಿತು 1957ರಲ್ಲಿ ತೇರ್ಗಡೆಯಾದರು.

ಮರುವರ್ಷ ಸಂಶೋಧನೆಗೆಂದು ವೇತನ ದೊರೆಯಿತು. ಪೂರ್ವ ಲಂಡನ್ನಿನ ಹ್ಯಾಕ್ನಿ ಬಡವರೇ ಹೆಚ್ಚಾಗಿರುವ ಪ್ರದೇಶ. ಅಲ್ಲಿ ಐರ್ಲೆಂಡಿನ ಕ್ರೈಸ್ತ ಸಂನ್ಯಾಸಿನಿಯರು 1905ರಿಂದ ಸೇಂಟ್ ಜೋಸೆಫ್ಸ್ ಹಾಸ್ಪಿಸ್ ಎಂಬ ಆಸರೆಯನ್ನು ನಡೆಸಿಕೊಂಡು ಬಂದಿದ್ದರು. ಹಾಸ್ಪಿಸ್ ಎಂಬುದು ಹಳೆಯ ಶಬ್ದ. ಮಧ್ಯಯುಗದ ಯೂರೋಪಿನಲ್ಲಿ ತೀರ್ಥಯಾತ್ರಿಕರೂ ದಣಿದ ದಾರಿಹೋಕರೂ ತಂಗಿ ಸುಧಾರಿಸಿಕೊಳ್ಳುತ್ತಿದ್ದ ಮನೆಗಳಿಗೆ ಆ ಹೆಸರಿತ್ತು. ನಮ್ಮ ನಾಡಿನ ಛತ್ರಗಳನ್ನು ನೆನೆದರೆ ಅದರ ಭಾವ ತಿಳಿಯುತ್ತದೆ. ಸೇಂಟ್ ಜೋಸೆಫ್ಸ್‌ನಲ್ಲಿ ಅಂತಃಕರಣಕ್ಕೆ ಬರವಿರಲಿಲ್ಲ. ಆದರೆ ರೋಗಿಗಳ ಸ್ಥಿತಿಯನ್ನು ಕ್ರಮವಾಗಿ ಬರೆದಿಡುವ ಪದ್ಧತಿಯಿರಲಿಲ್ಲ, ಹೊತ್ತಿಗೆ ಸರಿಯಾಗಿ ಔಷಧ ಕೊಡುವ ರೂಢಿಯೂ ಇರಲಿಲ್ಲ. ಸಿಸಿಲಿ ಎರಡನ್ನೂ ಆರಂಭಿಸಿದರು. ಪ್ರತಿಯೊಬ್ಬ ರೋಗಿಗೂ ಎಷ್ಟು ಔಷಧ ಕೊಡಲಾಯಿತು, ನೋವು ಎಷ್ಟು ತಗ್ಗಿತು, ನಿದ್ರೆ ಹೇಗೆ, ಹಸಿವು ಹೇಗೆ ಎಂಬುದೆಲ್ಲ ಚೀಟಿಗಳಲ್ಲಿ ದಾಖಲಾಯಿತು. ಏಳು ವರ್ಷಗಳಲ್ಲಿ ಹೀಗೆ ಸುಮಾರು 1,100 ರೋಗಿಗಳ ವಿವರಗಳು ಸೇರಿದವು. ರೋಗಿಗಳ ಮಾತುಗಳನ್ನು ಧ್ವನಿಮುದ್ರಣ ಮಾಡಿಕೊಂಡು ಮತ್ತೆ ಮತ್ತೆ ಕೇಳುವುದೂ ಆಕೆಯ ಅಭ್ಯಾಸವಾಗಿತ್ತು.

ಈ ಶ್ರಮದಿಂದ ಹೊರಬಂದ ಸತ್ಯಗಳು ವೈದ್ಯಲೋಕದ ಹಲವು ನಂಬಿಕೆಗಳನ್ನು ಅಲುಗಿಸಿದವು. ಸರಿಯಾದ ಪ್ರಮಾಣದಲ್ಲಿ, ಬಾಯಿಯ ಮೂಲಕ, ವೇಳೆಗೆ ಸರಿಯಾಗಿ ಕೊಟ್ಟ ಮಾರ್ಫಿನ್ನಿನಿಂದ ನೋವಿನ ರೋಗಿಗಳು ಚಟಕ್ಕೆ ಬೀಳುತ್ತಿರಲಿಲ್ಲ. ಪ್ರಮಾಣವನ್ನು ದಿನದಿನಕ್ಕೂ ಏರಿಸುತ್ತಲೇ ಹೋಗಬೇಕೆಂಬ ಭಯಕ್ಕೂ ಆಧಾರ ಕಾಣಲಿಲ್ಲ. ರೋಗಿಯ ಬುದ್ಧಿ ಮಂಕಾಗದಂತೆಯೇ ನೋವನ್ನು ದೂರವಿಡುವುದು ಸಾಧ್ಯವಿತ್ತು.

ಆದರೆ ಔಷಧಕ್ಕೆ ಬಗ್ಗದ ನೋವುಗಳೂ ಇದ್ದವು. ತನ್ನ ಎಲ್ಲಿ ನೋಯುತ್ತದೆಂದು ಹೇಳತೊಡಗಿದ ರೋಗಿಯು ಬೆನ್ನಿನಿಂದ ಆರಂಭಿಸಿ, ದುಡಿಯಲಾಗದ ಗಂಡನ ವಿಷಯಕ್ಕೆ, ಶಾಲೆ ಬಿಟ್ಟ ಮಗನ ವಿಷಯಕ್ಕೆ, ತನಗೇ ಏಕೆ ಹೀಗಾಯಿತೆಂಬ ಪ್ರಶ್ನೆಗೆ ಹೋಗಿ ಮುಟ್ಟುವುದನ್ನು ಸಿಸಿಲಿ ಎಷ್ಟೋ ಸಲ ಕೇಳಿದ್ದರು. ದೇಹದ ವೇದನೆ, ಮನಸ್ಸಿನ ಭೀತಿ, ಸಂಸಾರದ ಚಿಂತೆ, ಆತ್ಮದ ಅಳಲು ಇವೆಲ್ಲ ಬೇರೆ ಬೇರೆಯಾಗಿರದೆ ಒಂದರೊಳಗೊಂದು ಹೆಣೆದುಕೊಂಡಿರುತ್ತವೆಂಬುದನ್ನು ಆಕೆ ಕಂಡುಕೊಂಡರು; 1960ರ ದಶಕದಲ್ಲಿ ಅದಕ್ಕೆ ಸಮಗ್ರ ನೋವು ಎಂಬ ಅರ್ಥದ ಹೆಸರು ಕೊಟ್ಟರು. ದಾದಿ, ಸಮಾಜಸೇವಕಿ, ವೈದ್ಯೆ ಎಂಬ ಮೂರು ಪಾತ್ರಗಳನ್ನೂ ಬಾಳಿ ಬಂದವರಿಗಲ್ಲದೆ ಬೇರೆಯವರಿಗೆ ಈ ಹೊಳಹು ದಕ್ಕುತ್ತಿತ್ತೆಂದು ತೋರುವುದಿಲ್ಲ.

ಇದೇ ಸಮಯದಲ್ಲಿ ಆಕೆಯ ಸ್ವಂತ ಬಾಳಿನಲ್ಲಿಯೂ ಸಾವು ಹೆಜ್ಜೆಯಿಟ್ಟಿತು. 1960 ಮತ್ತು 1961ರ ನಡುವಣ ಕೆಲವೇ ತಿಂಗಳುಗಳಲ್ಲಿ, ಆಕೆಗೆ ಅತ್ಯಂತ ಆಪ್ತರಾಗಿದ್ದ ಇಬ್ಬರು ರೋಗಿಗಳೂ ತಂದೆಯವರೂ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಆ ದುಃಖದಿಂದ ಹೊರಬರಲು ಬಹುಕಾಲ ಹಿಡಿಯಿತು. ಸತ್ತವರ ಹಿಂದೆ ಉಳಿದವರಿಗೂ ಆಸರೆ ಬೇಕೆಂಬುದನ್ನು ಆಕೆ ಅರಿತದ್ದು ಹೀಗೆ.

ತಾವು ಕಟ್ಟಬೇಕೆಂದಿದ್ದ ಮನೆಯ ಯೋಜನೆಯನ್ನು ಸಿಸಿಲಿ 1959ರಲ್ಲಿಯೇ ಬರೆದಿಟ್ಟಿದ್ದರು. ಪ್ರಯಾಣಿಕರ ರಕ್ಷಕನೆಂದು ಕ್ರೈಸ್ತರು ಭಾವಿಸುವ ಸಂತ ಕ್ರಿಸ್ಟೋಫರನ ಹೆಸರನ್ನು ಅದಕ್ಕೆ ಇಟ್ಟರು. 1961ರಲ್ಲಿ ಅದು ಧರ್ಮಸಂಸ್ಥೆಯಾಗಿ ನೋಂದಣಿಯಾಯಿತು. ಆಮೇಲೆ ಹಣ ಕೂಡಿಸುವ ಕೆಲಸ. ದಾನಿಗಳಿಗೆ, ಧರ್ಮನಿಧಿಗಳಿಗೆ, ಸರ್ಕಾರದ ಅಧಿಕಾರಿಗಳಿಗೆ ಬರೆದ ಪತ್ರಗಳಿಗೆ ಲೆಕ್ಕವಿಲ್ಲ. ಸಂಕೋಚದ ಹುಡುಗಿಯೆನಿಸಿದ್ದ ಆಕೆ ಈ ವಿಷಯದಲ್ಲಿ ಮಾತ್ರ ಯಾರೆದುರೂ ಹಿಂಜರಿಯಲಿಲ್ಲ. ಒಮ್ಮೆ ಹಿಡಿದ ಪಟ್ಟನ್ನು ಬಿಡುವವರಲ್ಲವೆಂಬ ಖ್ಯಾತಿಯೂ, ಕೆಲವೊಮ್ಮೆ ಅಪಖ್ಯಾತಿಯೂ ಆಕೆಗೆ ಬಂದಿತು. ದಕ್ಷಿಣ ಲಂಡನ್ನಿನ ಸಿಡನ್‌ಹ್ಯಾಮ್ ಎಂಬ ಬಡಾವಣೆಯಲ್ಲಿ ನಿವೇಶನ ದೊರೆಯಿತು. 1967ರ ಜುಲೈ ತಿಂಗಳಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಬಾಗಿಲು ತೆರೆಯಿತು. ಪ್ರವೇಶದ್ವಾರದ ಬಳಿಯ ಅಗಲವಾದ ಗಾಜಿನ ಕಿಟಕಿಯೊಂದನ್ನು ಡೇವಿಡ್ ಟಾಸ್ಮಾನ ನೆನಪಿಗೆ ಮೀಸಲಿಡಲಾಯಿತು.

ಆ ಮನೆ ಆಸ್ಪತ್ರೆಯಂತೆ ಇರಲಿಲ್ಲ. ರೋಗಿಗಳ ಕಣ್ಣಿಗೆ ತೋಟ ಕಾಣುತ್ತಿತ್ತು. ಮಕ್ಕಳು ಮೊಮ್ಮಕ್ಕಳು ಬಂದು ಹಾಸಿಗೆಯ ಬಳಿ ಕುಳಿತುಕೊಳ್ಳಬಹುದಿತ್ತು. ಅಲ್ಲಿ ಕೆಲಸ ಮಾಡುವವರ ಪುಟ್ಟ ಮಕ್ಕಳಿಗಾಗಿ ಒಂದು ಶಿಶುವಿಹಾರವಿತ್ತು. ಅವುಗಳ ಆಟದ ಸದ್ದು ರೋಗಿಗಳ ಕಿವಿಗೂ ಬೀಳುತ್ತಿತ್ತು. ಸಾವು ಹತ್ತಿರವಾದವನನ್ನು ಬದುಕಿರುವವರಿಂದ ಬೇರ್ಪಡಿಸಬಾರದೆಂಬುದು ಸಿಸಿಲಿಯವರ ನಿಲುವು. ಆಕೆ ಸ್ವತಃ ದೃಢವಾದ ಕ್ರೈಸ್ತಶ್ರದ್ಧೆಯುಳ್ಳವರು. ಆದರೆ ಯಾವ ಮತದವರಿಗೂ, ಮತವೇ ಇಲ್ಲದವರಿಗೂ ಅಲ್ಲಿ ಸಮಾನವಾದ ಸ್ವಾಗತವಿತ್ತು.

ಬರಿಯ ಆಸರೆಯ ಮನೆಯಾಗಿದ್ದರೆ ಸೇಂಟ್ ಕ್ರಿಸ್ಟೋಫರ್ಸ್ ತನ್ನ ಬಡಾವಣೆಗೆ ಉಪಕಾರ ಮಾಡಿ ಸುಮ್ಮನಾಗುತ್ತಿತ್ತು. ಶುಶ್ರೂಷೆಯ ಜೊತೆಗೆ ಬೋಧನೆ ಮತ್ತು ಸಂಶೋಧನೆಗಳೂ ಅಲ್ಲಿ ನಡೆಯಬೇಕೆಂದು ಸಿಸಿಲಿ ಮೊದಲೇ ನಿರ್ಧರಿಸಿದ್ದರು. ದಯೆಯಿಂದ ಮಾತ್ರ ನೋವು ಹೋಗುವುದಿಲ್ಲ, ದಯೆಗೆ ತಿಳಿವಳಿಕೆ ಜೊತೆಯಾಗಬೇಕು ಎಂಬುದು ಆಕೆಯ ಮತ. ಮಾರ್ಫಿನ್ನಿಗಿಂತ ಹೆರಾಯಿನ್ ಮೇಲೆಂದು ಇಂಗ್ಲೆಂಡಿನ ಹಲವು ವೈದ್ಯರು ನಂಬಿದ್ದರು. ಸಿಸಿಲಿಯವರಿಗೂ ಅದೇ ಒಲವಿತ್ತು. 1970ರ ದಶಕದಲ್ಲಿ ರಾಬರ್ಟ್ ಟ್ವೈಕ್ರಾಸ್ ಎಂಬ ತರುಣ ವೈದ್ಯರು ಅಲ್ಲಿಯೇ ಇವೆರಡನ್ನೂ ತುಲನೆಮಾಡಿ, ಬಾಯಿಯ ಮೂಲಕ ಕೊಟ್ಟಾಗ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲವೆಂದು ತೋರಿಸಿದರು. ಸಂಸ್ಥಾಪಕಿಯ ಅಭಿಪ್ರಾಯ ಸಂಸ್ಥೆಯ ಸಂಶೋಧನೆಯ ಮುಂದೆ ನಿಲ್ಲಲಿಲ್ಲ; ಸಾಮಾನ್ಯವಾದ ಮಾರ್ಫಿನ್ ದ್ರಾವಣವೇ ಬಳಕೆಗೆ ಬಂದಿತು. ಹೆರಾಯಿನ್ ಬಳಕೆಗೆ ಅವಕಾಶವಿಲ್ಲದ ದೇಶಗಳ ರೋಗಿಗಳಿಗೆ ಇದರಿಂದ ಆದ ಲಾಭ ಅಪಾರ.

1969ರಲ್ಲಿ ಮತ್ತೊಂದು ಮುಖ್ಯವಾದ ಹೆಜ್ಜೆಯನ್ನಿಟ್ಟರು. ಬಹುಪಾಲು ರೋಗಿಗಳು ತಮ್ಮ ಮನೆಯಲ್ಲೇ, ತಮ್ಮವರ ನಡುವೆಯೇ ಇರಬಯಸುತ್ತಾರೆ. ಹಾಗಿದ್ದಮೇಲೆ ಅವರನ್ನು ಹಾಸ್ಪಿಸ್‌ಗೆ ಕರೆತರುವುದಕ್ಕಿಂತ ಹಾಸ್ಪಿಸನ್ನೇ ಅವರ ಮನೆಗೆ ಒಯ್ಯಬಾರದೇಕೆ? ದಾದಿಯರೂ ವೈದ್ಯರೂ ರೋಗಿಗಳ ಮನೆಗಳಿಗೆ ಹೋಗಿ ಔಷಧ ಕೊಡುವುದನ್ನೂ, ಹೇಗೆ ನೋಡಿಕೊಳ್ಳಬೇಕೆಂದು ಮನೆಯವರಿಗೆ ಕಲಿಸುವುದನ್ನೂ ಆರಂಭಿಸಿದರು. ಮರಣದ ಅನಂತರ ಕುಟುಂಬದವರ ದುಃಖಕ್ಕೆ ಆಸರೆ ನೀಡುವ ಏರ್ಪಾಡನ್ನು ಕಾಲಿನ್ ಮರ್ರಿ ಪಾರ್ಕ್ಸ್ ಎಂಬ ಮನೋವೈದ್ಯರು ರೂಪಿಸಿದರು.

ಅಷ್ಟರಲ್ಲಿ ಸಿಸಿಲಿಯವರ ಹೆಸರು ಕಡಲಾಚೆಗೂ ಹಬ್ಬಿತ್ತು. 1963ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಆಕೆ ಮಾಡಿದ ಉಪನ್ಯಾಸವನ್ನು ಕೇಳಿದವರಲ್ಲಿ ಅಲ್ಲಿಯ ಶುಶ್ರೂಷಾ ಶಾಲೆಯ ಮುಖ್ಯಸ್ಥೆ ಫ್ಲಾರೆನ್ಸ್ ವಾಲ್ಡ್ ಒಬ್ಬರು. ಅವರು ಮುಂದೆ ತಮ್ಮ ಹುದ್ದೆಯನ್ನೇ ತೊರೆದು ಈ ಕಾರ್ಯಕ್ಕೆ ನಿಂತರು. 1974ರಲ್ಲಿ ಅಮೆರಿಕದ ಮೊದಲ ಹಾಸ್ಪಿಸ್ ಸೇವೆ ಕನೆಕ್ಟಿಕಟ್ ಸಂಸ್ಥಾನದಲ್ಲಿ ಆರಂಭವಾಯಿತು. ಕೆನಡಾದ ಬಾಲ್ಫರ್ ಮೌಂಟ್ ಎಂಬ ಶಸ್ತ್ರವೈದ್ಯರು ಸೇಂಟ್ ಕ್ರಿಸ್ಟೋಫರ್ಸ್‌ಗೆ ಬಂದು ಕಲಿತು 1975ರಲ್ಲಿ ಮಾಂಟ್ರಿಯಲ್ ನಗರದ ದೊಡ್ಡ ಆಸ್ಪತ್ರೆಯೊಳಗೇ ಇಂಥದೊಂದು ವಿಭಾಗವನ್ನು ತೆರೆದರು. ಉಪಶಾಮಕ ಆರೈಕೆ ಎಂದು ನಾವೀಗ ಕರೆಯುವ ಸೇವೆಗೆ ಇಂಗ್ಲಿಷಿನಲ್ಲಿ ಹೆಸರಿಟ್ಟವರು ಅವರೇ. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕ್ಯಾನ್ಸರ್ ನೋವಿನ ಶಮನಕ್ಕೆ ಮಾರ್ಗದರ್ಶನವನ್ನು ಪ್ರಕಟಿಸಿತು. ಬಾಯಿಯ ಮೂಲಕ, ಗಡಿಯಾರದ ಪ್ರಕಾರ, ನೋವಿನ ತೀವ್ರತೆಗೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಔಷಧ ಕೊಡಬೇಕೆಂಬುದು ಅದರ ಸಾರ. ಸೇಂಟ್ ಲ್ಯೂಕ್ಸ್‌ನ ದಾದಿಯರ ರೂಢಿ ಹೀಗೆ ಜಗತ್ತಿನ ವೈದ್ಯರಿಗೆ ಸೂತ್ರವಾಯಿತು. ಮರುವರ್ಷ ಬ್ರಿಟನ್ನಿನಲ್ಲಿ ಇದು ವೈದ್ಯಶಾಸ್ತ್ರದ ಪ್ರತ್ಯೇಕ ಶಾಖೆಯೆಂಬ ಮನ್ನಣೆಯನ್ನು ಪಡೆಯಿತು.

ಗುಣವಾಗದ ರೋಗಿಯು ಬಯಸಿದರೆ ಅವನ ಪ್ರಾಣವನ್ನೇ ತೆಗೆಯುವುದಕ್ಕೆ ಕಾನೂನು ಒಪ್ಪಿಗೆ ಕೊಡಬೇಕೆಂದು ವಾದಿಸುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಕೆಲವು ದೇಶಗಳು ಒಪ್ಪಿಗೆ ಕೊಟ್ಟೂ ಇವೆ. ಸಿಸಿಲಿ ಇದನ್ನು ಕೊನೆಯವರೆಗೂ ವಿರೋಧಿಸಿದರು. ಸಾವನ್ನು ಬೇಡುವವರಲ್ಲಿ ಅನೇಕರು ನೋವನ್ನು ತಾಳಲಾರದೆಯೋ ಮನೆಯವರಿಗೆ ತಾವು ಭಾರವಾದೆವೆಂಬ ಚಿಂತೆಯಿಂದಲೋ ಬೇಡುತ್ತಾರೆಂದೂ, ಆ ನೋವನ್ನೂ ಚಿಂತೆಯನ್ನೂ ಇಳಿಸುವುದು ಮೊದಲ ಕರ್ತವ್ಯವೆಂದೂ ಆಕೆಯ ವಾದ. ರೋಗಿಯ ಜೀವವನ್ನು ಯಂತ್ರಗಳಿಂದ ವೃಥಾ ಎಳೆದಾಡುವುದನ್ನೂ ಆಕೆ ಒಪ್ಪುತ್ತಿರಲಿಲ್ಲವೆಂಬುದನ್ನು ಇದರೊಡನೆ ನೆನೆಯಬೇಕು.

1963ರಲ್ಲಿ ಚಿತ್ರಕಲೆಯ ಪ್ರದರ್ಶನವೊಂದರಲ್ಲಿ ಕಂಡ ಚಿತ್ರವು ಆಕೆಯ ಮನಸ್ಸನ್ನು ಸೆಳೆದಿತ್ತು. ಅದನ್ನು ಬರೆದವರು ಪೋಲೆಂಡಿನ ಕಲಾವಿದ ಮರಿಯಾನ್ ಬೊಹುಷ್ ಷಿಷ್ಕೊ. ಆ ಪರಿಚಯ ಸ್ನೇಹವಾಗಿ ಬೆಳೆದು, 1980ರಲ್ಲಿ, ತಮ್ಮ 61ನೆಯ ವಯಸ್ಸಿನಲ್ಲಿ, ಸಿಸಿಲಿ ಅವರನ್ನು ವಿವಾಹವಾದರು. ಅವರ ಚಿತ್ರಗಳು ಹಾಸ್ಪಿಸ್‌ನ ಗೋಡೆಗಳನ್ನು ಅಲಂಕರಿಸಿದವು. ಪತಿಯ ಕೊನೆಗಾಲದಲ್ಲಿ ಆಕೆಯೇ ಜೊತೆಗಿದ್ದು ನೋಡಿಕೊಂಡರು. 1995ರಲ್ಲಿ ಅವರು ಸೇಂಟ್ ಕ್ರಿಸ್ಟೋಫರ್ಸ್‌ನಲ್ಲೇ ನಿಧನರಾದರು. ಪ್ರಶಸ್ತಿಗಳು ಹಲವು ಬಂದವು. ಬ್ರಿಟನ್ನಿನ ಡೇಮ್ ಪದವಿ, 1981ರ ಟೆಂಪಲ್ಟನ್ ಪ್ರಶಸ್ತಿ, 1989ರಲ್ಲಿ ಕೆಲವೇ ಮಂದಿಗೆ ಸಲ್ಲುವ ಆರ್ಡರ್ ಆಫ್ ಮೆರಿಟ್ ಗೌರವ ಅವುಗಳಲ್ಲಿ ಸೇ‌ರಿವೆ. 2001ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಸಂಸ್ಥೆಗೆ ಹತ್ತು ಲಕ್ಷ ಡಾಲರುಗಳ ಹಿಲ್ಟನ್ ಪ್ರಶಸ್ತಿ ದೊರೆಯಿತು. ಕಾಲಾನಂತರ ಆಕೆಗೂ ಕ್ಯಾನ್ಸರ್ ಆಯಿತು. 2005ನೆಯ ಇಸವಿ ಜುಲೈ 14ರಂದು, 87ನೆಯ ವಯಸ್ಸಿನಲ್ಲಿ, ತಾವೇ ಕಟ್ಟಿದ ಆ ಮನೆಯಲ್ಲಿ ಸಿಸಿಲಿ ಕೊನೆಯುಸಿರೆಳೆದರು.

ನಮ್ಮ ದೇಶದಲ್ಲಿ ಮೊದಲ ಹಾಸ್ಪಿಸ್ ಆರಂಭವಾದುದು 1986ರಲ್ಲಿ, ಮುಂಬಯಿಯಲ್ಲಿ. ಅದರ ಹೆಸರು ಶಾಂತಿ ಅವೇದನಾ ಸದನ. ಆದರೆ ಅದಕ್ಕೆ ಒಂದು ವರ್ಷ ಮುಂಚೆ ಜಾರಿಗೆ ಬಂದಿದ್ದ ಮಾದಕ ವಸ್ತುಗಳ ಕಾಯಿದೆಯು ಕಳ್ಳಸಾಗಣೆಯನ್ನು ತಡೆಯಲು ಹೊರಟು, ರೋಗಿಗಳಿಗೆ ಬೇಕಾದ ಮಾರ್ಫಿನ್ನಿಗೂ ಅಡ್ಡಿಯಾಯಿತು. ಹಲವು ಪರವಾನಗಿಗಳನ್ನು ಪಡೆಯುವ ತೊಡಕಿಗೆ ಹೆದರಿ ಆಸ್ಪತ್ರೆಗಳು ಅದನ್ನು ತರಿಸುವುದನ್ನೇ ಬಿಟ್ಟವು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಹೊಲಗಳಲ್ಲಿ ಸರ್ಕಾರದ ಅನುಮತಿಯಿಂದ ಅಫೀಮು ಬೆಳೆದು ಪರದೇಶಗಳ ಔಷಧ ತಯಾರಿಕೆಗೆ ಕಳುಹಿಸುವ ನಾಡಿನಲ್ಲಿಯೇ, ಇಲ್ಲಿಯ ರೋಗಿಗಳು ಒಂದು ಮಾರ್ಫಿನ್ ಗುಳಿಗೆಗಾಗಿ ಪರದಾಡಬೇಕಾಯಿತು. ನೆರೆಯ ಕೇರಳದಲ್ಲಿ 1993ರಿಂದ ಕೋಯಿಕ್ಕೋಡಿನ ವೈದ್ಯರೂ ಊರಿನ ಸಾಮಾನ್ಯ ಜನರೂ ಕೈಗೂಡಿಸಿ ಉಪಶಾಮಕ ಆರೈಕೆಯನ್ನು ಮನೆಮನೆಗೆ ಮುಟ್ಟಿಸಿದರು. 2014ರಲ್ಲಿ ಸಂಸತ್ತು ಕಾಯಿದೆಯನ್ನು ತಿದ್ದಿ, ಇಡೀ ದೇಶಕ್ಕೆ ಒಂದೇ ಬಗೆಯ ಸರಳವಾದ ನಿಯಮಗಳಿಗೆ ದಾರಿ ಮಾಡಿತು. ಆದರೂ ಜಗತ್ತಿನಲ್ಲಿ ಈ ಆರೈಕೆಯ ಅಗತ್ಯವಿರುವವರಲ್ಲಿ ಶೇಕಡ 14ರಷ್ಟು ಜನರಿಗೆ ಮಾತ್ರ ಅದು ದೊರೆಯುತ್ತಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಬೆಂಗಳೂರಿನ ಜಯನಗರದಿಂದ ಪೂರ್ವಕ್ಕೆ ಹೋಗಿ ಡೈರಿ ವೃತ್ತದ ಬಳಿ ಹೊಸೂರು ರಸ್ತೆಯನ್ನು ಹಿಡಿದರೆ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ಸಿಗುತ್ತದೆ. 1973ರಲ್ಲಿ ಸ್ಥಾಪಿತವಾದ ಈ ಆಸ್ಪತ್ರೆಗೆ ರಾಜ್ಯದ ಮೂಲೆಮೂಲೆಗಳಿಂದಲೂ ನೆರೆನಾಡುಗಳಿಂದಲೂ ಕ್ಯಾನ್ಸರ್ ರೋಗಿಗಳು ಬರುತ್ತಾರೆ. ಅವರಲ್ಲಿ ಅನೇಕರು ರೋಗ ಬಹಳ ಬಲಿತ ಮೇಲೆ ಬಂದವರು. ಇಂಥವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆಯೂ ಇಂದಿರಾನಗರದ ರೋಟರಿ ಸಂಸ್ಥೆಯೂ ಸೇರಿ 1994ರಲ್ಲಿ ಬೆಂಗಳೂರು ಹಾಸ್ಪಿಸ್ ಟ್ರಸ್ಟನ್ನು ಸ್ಥಾಪಿಸಿದವು. ಕಟ್ಟಡಕ್ಕೆ ಮೊದಲು ಮನೆಗಳಿಗೆ ಹೋಗಿ ನೋಡಿಕೊಳ್ಳುವ ಸೇವೆ ಆರಂಭವಾಯಿತು. 1999ರಲ್ಲಿ ಮಾರತ್ತಹಳ್ಳಿಯ ಬಳಿ, ಸರ್ಕಾರ ಕೊಟ್ಟ ಜಾಗದಲ್ಲಿ, ಕರುಣಾಶ್ರಯವೆಂಬ ಮನೆ ಎದ್ದಿತು. ಅಲ್ಲಿ ಹಾಸಿಗೆಗಾಗಲಿ ಊಟಕ್ಕಾಗಲಿ ಔಷಧಕ್ಕಾಗಲಿ ಹಣ ತೆಗೆದುಕೊಳ್ಳುವುದಿಲ್ಲ. ರೋಗಿಯೊಡನೆ ಮನೆಯವರೊಬ್ಬರು ಉಳಿದುಕೊಳ್ಳಬಹುದು. ಅಲ್ಲಿಯ ದಾದಿಯರ ತಂಡಗಳು ಇಂದಿಗೂ ನಗರದ ಬೇರೆ ಬೇರೆ ಬಡಾವಣೆಗಳ ಮನೆಗಳಿಗೆ ಹೋಗಿ, ಹಾಸಿಗೆ ಹಿಡಿದವರ ಹುಣ್ಣು ತೊಳೆದು ಕಟ್ಟುತ್ತಾರೆ, ಮಾತ್ರೆಗಳನ್ನು ಯಾವ ಹೊತ್ತಿಗೆ ಕೊಡಬೇಕೆಂದು ಮನೆಯವರಿಗೆ ತಿಳಿಸಿಕೊಡುತ್ತಾರೆ, ರಾತ್ರಿ ಹೇಗೆ ಕಳೆಯಿತೆಂದು ರೋಗಿಯನ್ನೇ ಕೇಳುತ್ತಾರೆ.